ಊರಿನಲ್ಲಿ ತಂಬಾಕು ಬಿಡಿಸುವ ಕಾರ್ಯಕ್ರಮ: ಮೊದಲು ಎಣಿಸಿ, ಆಮೇಲೆ ಬ್ಯಾನರ್ ಕಟ್ಟಿ

ಪ್ರತಿ ವರ್ಷ ಜೂನ್‌ನಲ್ಲಿ ನನಗೆ ಒಂದೇ ತರಹದ ಫೋನ್ ಬರುತ್ತದೆ. ಒಮ್ಮೆ ಹೊಸನಗರದ ಕಡೆಯ ಮೇಷ್ಟ್ರು, ಇನ್ನೊಮ್ಮೆ ಸೊರಬದ ಯುವಕ ಸಂಘದವರು, ಮತ್ತೊಮ್ಮೆ ತೀರ್ಥಹಳ್ಳಿ ಹತ್ತಿರದ ಪಂಚಾಯಿತಿ ಸದಸ್ಯೆ. "ಮೇ 31ಕ್ಕೆ, ತಂಬಾಕು ರಹಿತ ದಿನಕ್ಕೆ ಜಾಥಾ ಮಾಡಿದೆವು, ಪ್ರತಿಜ್ಞೆ ಮಾಡಿಸಿದೆವು, ಫೋಟೊ ಎಲ್ಲ ಇದೆ. ಈಗ ಎಷ್ಟು ಜನ ಬಿಟ್ಟರು ಅಂತ ಕೇಳ್ತಿದ್ದಾರೆ. ಏನು ಬರೆಯೋದು?"

ಬರೆಯಲು ಏನೂ ಇರುವುದಿಲ್ಲ. ಮೊದಲು ಎಷ್ಟು ಜನ ಬಳಸುತ್ತಿದ್ದರು ಅಂತ ಯಾರೂ ಎಣಿಸಿರುವುದಿಲ್ಲ. ಇವರ ಶ್ರಮ, ಕಾಳಜಿ ಎರಡೂ ನಿಜ. ತಪ್ಪಿದ್ದು ಕೆಲಸದ ಸರದಿ. ಆ ಸರದಿಯನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಒಂದು ಗ್ರಾಮ ಪಂಚಾಯಿತಿಗೆ ಅಥವಾ ಅಕ್ಕಪಕ್ಕದ ನಾಲ್ಕೈದು ಊರುಗಳಿಗೆ ಇದು ಸಾಕು.

ಕೈಯಲ್ಲಿ ಏನೇನು ಇರಬೇಕು

ಐದಾರು ಜನ ಬೇಕು. ಅದರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಪಂಚಾಯಿತಿಯ ಮನೆಗಳ ಪಟ್ಟಿ, ಊರಿನ ಕೈನಕ್ಷೆ, ಅಚ್ಚು ಹಾಕಿಸಿದ ಪ್ರಶ್ನೆಪತ್ರ, ಶಾಲೆಯಿಂದ ಅಂಗಡಿಗೆ ದೂರ ಅಳೆಯಲು ಉದ್ದ ಟೇಪು, ಲೆಕ್ಕ ಬರೆಯಲು ಒಂದು ದಪ್ಪ ನೋಟ್‌ಬುಕ್ ಅಥವಾ ಕಂಪ್ಯೂಟರಿನಲ್ಲಿ ಒಂದು ಶೀಟು. ಹಣಕ್ಕಿಂತ ಸಮಯ ಜಾಸ್ತಿ ಬೇಕು. ಶುರುವಿನಿಂದ ಕೊನೆಯ ಎಣಿಕೆಯವರೆಗೆ ಒಂದೂವರೆ ವರ್ಷ ಇಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಮುಗಿಸಿ ಅನ್ನುವವರ ದುಡ್ಡು ತೆಗೆದುಕೊಳ್ಳಬೇಡಿ.

ಪಿಡಿಒ ಹತ್ತಿರ ಪತ್ರ ಪಡೆಯಿರಿ. ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸಿ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ 2007-08ರಲ್ಲಿ ಶುರುವಾಯಿತು. ಅದರ ಅಡಿಯಲ್ಲಿ ಜಿಲ್ಲಾ ಮಟ್ಟದಲ್ಲಿ ತಂಬಾಕು ನಿಯಂತ್ರಣ ಕೋಶ ಇರುತ್ತದೆ. ಮೊದಲ ವಾರವೇ ಅಲ್ಲಿಗೆ ಹೋಗಿ ಮಾತಾಡಿ ಬನ್ನಿ. ದಂಡ ಹಾಕುವ ಅಧಿಕಾರ ಇರುವವರು ಯಾರು ಅಂತ ಅಲ್ಲೇ ಗೊತ್ತಾಗುತ್ತದೆ.

ಹಂತ 1: ಬಾಯಿಗೆ ಹೋಗುತ್ತಿರುವುದು ಏನು ಅಂತ ನೋಡಿ

ಹೆಚ್ಚಿನವರು ಸಿಗರೇಟಿನ ಮೇಲೆ ಅಡ್ಡಗೆರೆ ಎಳೆದ ಪೋಸ್ಟರಿನಿಂದ ಶುರು ಮಾಡುತ್ತಾರೆ. ನಮ್ಮ ರಾಜ್ಯದ ಲೆಕ್ಕ ಬೇರೆಯೇ ಹೇಳುತ್ತದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ಶೇ 22.8 ಮಂದಿ ಯಾವುದಾದರೂ ತಂಬಾಕು ಬಳಸುತ್ತಾರೆ. ಸೇದುವವರು ಶೇ 8.8. ಜಗಿಯುವ, ತಿಕ್ಕುವ, ಬಾಯಲ್ಲಿಡುವ ತಂಬಾಕಿನವರು ಶೇ 16.3. ಕೆಲವರು ಎರಡನ್ನೂ ಮಾಡುವುದರಿಂದ ಕೂಡಿಸಿದರೆ ಮೊತ್ತ ಹೊಂದುವುದಿಲ್ಲ, ಗಾಬರಿ ಬೇಡ.

ಆದ್ದರಿಂದ ಎರಡು ವಾರ ಸುಮ್ನೆ ನೋಡಿ. ಗೂಡಂಗಡಿಯ ಮುಂದೆ, ಹಾಲಿನ ಡೈರಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ರಾತ್ರಿ ಅಡಿಕೆ ಸುಲಿಯುವ ಕಡೆ ಕೂತು ನೋಡಿ. ಕವಳಕ್ಕೆ (ಎಲೆ ಅಡಿಕೆಗೆ) ಹೊಗೆಸೊಪ್ಪು ಸೇರಿಸುವವರು, ಸೇರಿಸದವರು, ಕಡ್ಡಿಪುಡಿ ತಿನ್ನುವವರು, ಬೀಡಿ ಸೇದುವವರು, ನಶ್ಯ ಏರಿಸುವವರು, ಎರಡು ಪ್ಯಾಕೆಟ್ ಹರಿದು ಬೆರೆಸಿ ಬಾಯಿಗೆ ಹಾಕುವ ಹುಡುಗರು. ಎಲ್ಲವನ್ನೂ ಜನ ಕರೆಯುವ ಹೆಸರಿನಲ್ಲೇ ಬರೆದುಕೊಳ್ಳಿ. ಮುಂದೆ ಪ್ರಶ್ನೆ ಕೇಳುವಾಗ ಅವೇ ಹೆಸರು ಬೇಕು.

ಆ ಎರಡು ಪ್ಯಾಕೆಟ್‌ಗಳ ವಿಷಯ ಸ್ವಲ್ಪ ನಿಂತು ನೋಡಬೇಕಾದ್ದು. ಕರ್ನಾಟಕದಲ್ಲಿ 2013ರ ಮೇ ತಿಂಗಳಿಂದ ಗುಟ್ಕಾ ನಿಷೇಧ ಇದೆ. ಆಮೇಲೆ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಗಿ ಬರತೊಡಗಿತು. ನೀವು "ಗುಟ್ಕಾ ತಿನ್ನುತ್ತೀರಾ?" ಅಂತ ಕೇಳಿದರೆ ಆ ಹುಡುಗ "ಇಲ್ಲ" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಪ್ರಶ್ನೆಯೇ ತಪ್ಪು.

ಇನ್ನೊಂದು ತಪ್ಪು ಪ್ರಶ್ನೆ: "ಮನೆಯಲ್ಲಿ ಹೊಗೆಸೊಪ್ಪು ಇದೆಯಾ?" ಮಳೆಗಾಲದಲ್ಲಿ ಇಂಬಳ (ಜಿಗಣೆ) ಹತ್ತದಿರಲಿ ಅಂತ ಹೊಗೆಸೊಪ್ಪು, ಸುಣ್ಣ ಕಾಲಿಗೆ ಹಚ್ಚಿಕೊಂಡು ತೋಟಕ್ಕೆ ಇಳಿಯುವವರು ಇದ್ದಾರೆ. ಅಂಥ ಮನೆಯಲ್ಲಿ ಎಲೆ ಇರುತ್ತದೆ, ಬಾಯಿಗೆ ಹಾಕುವವರು ಇಲ್ಲದೆಯೂ ಇರಬಹುದು. ಬಾಯಿಗೆ ಹೋಗುವುದನ್ನಷ್ಟೇ ಕೇಳಿ.

ಅಡಿಕೆಯ ಮಾತು ಹೇಗೆ ಆಡಬೇಕು

ಇದಕ್ಕೆ ಬೇರೆ ಹಂತವಿಲ್ಲ, ಆದರೆ ಮಲೆನಾಡಿನಲ್ಲಿ ಇದನ್ನು ಮೊದಲೇ ತೀರ್ಮಾನಿಸದ ತಂಡ ಎರಡನೇ ಸಭೆಯಲ್ಲೇ ಒಡೆಯುತ್ತದೆ. ಅಡಿಕೆ ನಮ್ಮ ಅನ್ನ. ಮನೆಗೆ ಬಂದವರ ಮುಂದೆ ಕವಳದ ತಟ್ಟೆ ಇಡುವುದು ನಮ್ಮ ಮರ್ಯಾದೆ. ಹಾಗೆಯೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ, ತಂಬಾಕಿಲ್ಲದ ಕವಳವನ್ನೂ 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಬಿಗಿದು ತೆರೆಯಲಾಗದ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ.

ನನ್ನ ಸಲಹೆ ಇದು. ಕಾರ್ಯಕ್ರಮದ ಗುರಿ ತಂಬಾಕು ಅಂತಲೇ ಇರಲಿ. ಕವಳದಿಂದ ಹೊಗೆಸೊಪ್ಪು ಹೊರಗೆ ಹೋಗುವುದು ಮೊದಲ ಕೆಲಸ. ಆದರೆ "ಬರೀ ಎಲೆ ಅಡಿಕೆ ಆದರೆ ಏನೂ ಆಗಲ್ಲ" ಅಂತ ಎಲ್ಲೂ ಹೇಳಬೇಡಿ. ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೆಳೆಗಾರರ ಸಭೆಯಲ್ಲಿ ಬೆಳೆಯ ಮೇಲೆ ಮಾತಾಡಬೇಡಿ, ಬಾಯಿಯ ಆರೋಗ್ಯದ ಮೇಲೆ ಮಾತಾಡಿ. ನಾನು ಕಂಡ ಹಾಗೆ ರೈತರು ಸತ್ಯ ಕೇಳಿ ಎದ್ದು ಹೋಗುವುದಿಲ್ಲ. ಬೆಳೆದವರನ್ನೇ ತಪ್ಪಿತಸ್ಥರ ಹಾಗೆ ನಿಲ್ಲಿಸಿದಾಗ ಎದ್ದು ಹೋಗುತ್ತಾರೆ.

ಹಂತ 2: ಒಂದೇ ಗುರಿ, ಒಂದೇ ವಾಕ್ಯ

"ತಂಬಾಕು ಮುಕ್ತ ಗ್ರಾಮ" ಅನ್ನುವುದು ಗುರಿ ಅಲ್ಲ, ಬೋರ್ಡು. ಗುರಿಯಲ್ಲಿ ಯಾರು, ಏನು, ಎಷ್ಟು, ಯಾವಾಗ ಎಂಬ ನಾಲ್ಕೂ ಇರಬೇಕು. ಉದಾಹರಣೆಗೆ: "ನಮ್ಮ ಪಂಚಾಯಿತಿಯಲ್ಲಿ 15 ವರ್ಷ ದಾಟಿದವರಲ್ಲಿ ತಂಬಾಕು ಬಳಸುವವರ ಪ್ರಮಾಣ ಒಂದು ವರ್ಷದಲ್ಲಿ ಶೇ 22ರಿಂದ ಶೇ 17ಕ್ಕೆ ಇಳಿಯಬೇಕು."

ಐದು ಅಂಶ ಇಳಿಸುವುದು ಕೂಡ ದೊಡ್ಡ ಕೆಲಸ. ಇಡೀ ದೇಶದಲ್ಲಿ 2009-10ಕ್ಕೆ ಶೇ 34.6 ಇದ್ದದ್ದು 2016-17ಕ್ಕೆ ಶೇ 28.6 ಆಯಿತು. ಆರು ಅಂಶಕ್ಕೆ ಏಳು ವರ್ಷ ಹಿಡಿಯಿತು. "ಒಂದು ವರ್ಷದಲ್ಲಿ ಅರ್ಧಕ್ಕೆ ಇಳಿಸುತ್ತೇವೆ" ಅಂತ ಬರೆದುಕೊಟ್ಟರೆ ಕೊನೆಗೆ ಲೆಕ್ಕ ತಿದ್ದುವ ಆಸೆ ಹುಟ್ಟುತ್ತದೆ. ನಿಮ್ಮ ಊರು ಚಿಕ್ಕದಿದ್ದರೆ ಇನ್ನೂ ಸಣ್ಣ ಗುರಿ ಹಿಡಿಯಿರಿ: ಬಿಡುತ್ತೇವೆ ಅಂತ ಹೆಸರು ಕೊಟ್ಟ 60 ಮಂದಿಯಲ್ಲಿ ಆರು ತಿಂಗಳ ನಂತರ ಎಷ್ಟು ಮಂದಿ ಬಿಟ್ಟೇ ಇದ್ದಾರೆ ಅನ್ನುವುದು.

ಈ ವಾಕ್ಯವನ್ನು ಕೆಲಸ ಶುರುವಾಗುವ ಮೊದಲೇ ಪಂಚಾಯಿತಿ ನಡಾವಳಿಯಲ್ಲಿ ಬರೆಸಿ. ಆಮೇಲೆ ಅದನ್ನು ಬದಲಿಸುವ ಹಾಗಿಲ್ಲ.

ಹಂತ 3: ಶುರುವಿನ ಎಣಿಕೆ

ಇಡೀ ಕೆಲಸದಲ್ಲಿ ಜಾಸ್ತಿ ಜನ ಸೋಲುವುದು ಇಲ್ಲಿ. ನಿಧಾನವಾಗಿ ಓದಿ.

ಎಷ್ಟು ಜನರನ್ನು ಕೇಳಬೇಕು? 100 ಜನರನ್ನು ಕೇಳಿ ಶೇ 20 ಅಂತ ಬಂದರೆ ನಿಜವಾದ ಅಂಕಿ 12ರಿಂದ 28ರ ನಡುವೆ ಎಲ್ಲಾದರೂ ಇರಬಹುದು. ಅಷ್ಟು ಅಗಲದ ಕಿಂಡಿಯಲ್ಲಿ ಐದು ಅಂಶದ ಇಳಿಕೆ ಕಾಣುವುದೇ ಇಲ್ಲ. ಶೇ 22ರಿಂದ 17ಕ್ಕೆ ಇಳಿದದ್ದನ್ನು ನಂಬಿಕೆಯಿಂದ ಹೇಳಬೇಕಾದರೆ ಪ್ರತಿ ಎಣಿಕೆಯಲ್ಲೂ ಸುಮಾರು 1,000 ಜನ ಬೇಕು. ಎಲ್ಲರನ್ನೂ ಎರಡು ಮೂರು ಊರಿಂದಲೇ ಆರಿಸಿದರೆ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಒಂದೇ ಊರಿನವರ ಚಟಗಳು ಒಂದಕ್ಕೊಂದು ಹೋಲುತ್ತವೆ. ಅಷ್ಟು ಜನರನ್ನು ಮುಟ್ಟಲು ಆಗದಿದ್ದರೆ ಹಂತ 2ಕ್ಕೆ ಹಿಂತಿರುಗಿ ಸಣ್ಣ ಗುರಿ ಹಿಡಿಯಿರಿ. ಅದರಲ್ಲಿ ಅವಮಾನ ಏನೂ ಇಲ್ಲ.

ಯಾರನ್ನು ಕೇಳಬೇಕು? ಪಂಚಾಯಿತಿ ಪಟ್ಟಿಯಲ್ಲಿ 3,000 ಮನೆ ಇವೆ ಅಂದುಕೊಳ್ಳಿ. ಒಂದರಿಂದ ಮೂರರೊಳಗೆ ಒಂದು ಚೀಟಿ ಎತ್ತಿ. ಎರಡು ಬಂದರೆ ಎರಡನೇ ಮನೆ, ಐದನೇ ಮನೆ, ಎಂಟನೇ ಮನೆ, ಹೀಗೆ ಹೋಗಿ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಗುಡ್ಡ ಇಳಿದು ಹತ್ತಬೇಕು ಅಂತ ಗೊತ್ತು. ಆದರೂ ರಸ್ತೆ ಪಕ್ಕದ ಮನೆಗಳನ್ನೇ ಆರಿಸಿಕೊಳ್ಳಬೇಡಿ. ಒಳಗಿನ ಕೇರಿ, ಕೂಲಿಯವರ ಸಾಲುಮನೆ ಬಿಟ್ಟುಹೋದರೆ ಲೆಕ್ಕವೇ ಬೇರೆಯಾಗುತ್ತದೆ.

ಮನೆಯೊಳಗೆ ಯಾರನ್ನು? ಬಾಗಿಲು ತೆರೆದವರನ್ನಲ್ಲ. ಬೆಳಗ್ಗೆ ಹತ್ತಕ್ಕೆ ಹೋದರೆ ಗಂಡಸರು ತೋಟದಲ್ಲಿ ಇರುತ್ತಾರೆ, ಹೆಂಗಸರೇ ಸಿಗುತ್ತಾರೆ. ಮನೆಯಲ್ಲಿ 15 ದಾಟಿದವರ ಪೈಕಿ ಮುಂದಿನ ಹುಟ್ಟುಹಬ್ಬ ಯಾರದ್ದೋ ಅವರನ್ನು ಕೇಳಿ. ಅವರು ಇಲ್ಲದಿದ್ದರೆ ಸಂಜೆ ಅಥವಾ ಭಾನುವಾರ ಮತ್ತೆ ಹೋಗಿ. ಮೂರು ಸಲ ಹೋಗಿಯೂ ಸಿಗದಿದ್ದರೆ "ಸಿಗಲಿಲ್ಲ" ಅಂತ ಬರೆಯಿರಿ. ಪಕ್ಕದ ಮನೆಯವರನ್ನು ಹಿಡಿದು ಜಾಗ ತುಂಬಬೇಡಿ.

ಹೇಗೆ ಕೇಳಬೇಕು? ಅತ್ತೆ ಕೇಳಿಸಿಕೊಳ್ಳುತ್ತಿದ್ದರೆ ಸೊಸೆ ನಿಜ ಹೇಳುವುದಿಲ್ಲ, ಅಪ್ಪ ಜಗಲಿಯಲ್ಲಿ ಕೂತಿದ್ದರೆ ಮಗ ಹೇಳುವುದಿಲ್ಲ. ಒಬ್ಬೊಬ್ಬರನ್ನೇ ಅಂಗಳದ ಆಚೆ ಕೇಳಿ. ಆಯಾ ಊರಿನ ಆಶಾ ಕಾರ್ಯಕರ್ತೆ ಅದೇ ಊರಿನಲ್ಲಿ ಎಣಿಕೆ ಮಾಡುವುದು ಬೇಡ. ಪರಿಚಯ ಜಾಸ್ತಿ ಇದ್ದಷ್ಟೂ ಮುಜುಗರ ಜಾಸ್ತಿ. ಊರು ಅದಲು ಬದಲು ಮಾಡಿ. ಹೆಸರಿನ ಬದಲು ಸಂಖ್ಯೆ ಬರೆಯಿರಿ, ಒಪ್ಪಿಗೆ ಕೇಳಿಯೇ ಶುರು ಮಾಡಿ. 18 ದಾಟದವರಾದರೆ ತಂದೆ ತಾಯಿಯ ಒಪ್ಪಿಗೆಯೂ ಬೇಕು. ಉತ್ತರವನ್ನು ಮಾತ್ರ ಅವರಿಗೂ ತೋರಿಸಬಾರದು.

ಪ್ರಶ್ನೆಗಳು ಕಡಿಮೆ ಇರಲಿ. ಈಗ ಬಾಯಿಗೆ ಹಾಕುವ ತಂಬಾಕು ಏನಾದರೂ ಬಳಸುತ್ತೀರಾ: ದಿನಾ, ಆಗಾಗ, ಇಲ್ಲ. ಬೀಡಿ ಸಿಗರೇಟು: ದಿನಾ, ಆಗಾಗ, ಇಲ್ಲ. ಎರಡೂ ಪ್ರಶ್ನೆ ಕೇಳುವಾಗ ಊರಿನ ಹೆಸರುಗಳ ಪಟ್ಟಿ ಓದಿ ಹೇಳಿ. ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಲ ಬೇಕಾಗುತ್ತದೆ? ಅರ್ಧ ಗಂಟೆಯೊಳಗೆ ಅಂದರೆ ಚಟ ಗಟ್ಟಿಯಾಗಿದೆ ಅಂತ ಅರ್ಥ. ಕಳೆದ 12 ತಿಂಗಳಲ್ಲಿ ಬಿಡಲು ಪ್ರಯತ್ನಿಸಿದಿರಾ? ಡಾಕ್ಟರು, ನರ್ಸು, ಆಶಾ ಯಾರಾದರೂ ಬಿಡಿ ಅಂತ ಹೇಳಿದರಾ? ವಯಸ್ಸು, ಗಂಡೋ ಹೆಣ್ಣೋ, ಕೆಲಸ. ಇಷ್ಟೇ ಸಾಕು. 40 ಪ್ರಶ್ನೆಯ ಹಾಳೆ ಹಿಡಿದರೆ ಹತ್ತನೆಯದರ ಹೊತ್ತಿಗೆ ಜನ ಬಾಯಿಗೆ ಬಂದದ್ದು ಹೇಳುತ್ತಾರೆ.

ಯಾವ ತಿಂಗಳು? ಇಲ್ಲಿ ನಾವೇ ಎಡವಿದ್ದೇವೆ. ಮೊದಲ ಸಲ ನಮ್ಮ ತಂಡ ಡಿಸೆಂಬರಿನಲ್ಲಿ, ಅಡಿಕೆ ಕೊಯ್ಲಿನ ನಡುವೆ ಎಣಿಸಿತ್ತು. ಕೊನೆಯ ಎಣಿಕೆ ಜುಲೈ ಮಳೆಯಲ್ಲಿ ಆಯಿತು. ಬಳಸುವವರು ಚೆನ್ನಾಗಿ ಇಳಿದಿದ್ದರು. ಸಂತೋಷದಿಂದ ಊರಿಗೆಲ್ಲ ಹೇಳಿದೆವು. ಮುಂದಿನ ಡಿಸೆಂಬರಿನಲ್ಲಿ ಮತ್ತೆ ಕೇಳಿದಾಗ ಅಂಕಿ ಮೊದಲಿನ ಜಾಗಕ್ಕೇ ಬಂದಿತ್ತು. ಸುಲಿಯುವ ರಾತ್ರಿಗಳಲ್ಲಿ ನಿದ್ದೆ ತಡೆಯಲು ಕವಳ ಹಾಕುವವರು ಜಾಸ್ತಿ, ಕೂಲಿಗೆ ಹೊರಗಿನಿಂದ ಬಂದವರೂ ಇರುತ್ತಾರೆ. ನಾವು ಅಳೆದದ್ದು ಋತುವಿನ ಬದಲಾವಣೆಯನ್ನು. ಶುರುವಿನ ಎಣಿಕೆ ಯಾವ ತಿಂಗಳೋ, ಕೊನೆಯ ಎಣಿಕೆ ಮುಂದಿನ ವರ್ಷ ಅದೇ ತಿಂಗಳಲ್ಲಿ ಇರಲಿ.

ಹಂತ 4: ಹೋಲಿಸಲು ಇನ್ನೊಂದು ಊರು

ಕಾರ್ಯಕ್ರಮ ನಡೆಯುವಾಗಲೇ ತೆರಿಗೆ ಏರಬಹುದು, ಬೆಲೆ ಏರಬಹುದು, ಟಿವಿಯಲ್ಲಿ ಹೊಸ ಜಾಹೀರಾತು ಬರಬಹುದು. ಬೆಲೆ ಏರಿದರೆ ಬಳಕೆ ಇಳಿಯುತ್ತದೆ. ಚಿಲ್ಲರೆ ಬೆಲೆಯಲ್ಲಿ ಕನಿಷ್ಠ ಶೇ 75 ತೆರಿಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಆ ಇಳಿಕೆಯನ್ನು ನಿಮ್ಮ ಖಾತೆಗೆ ಬರೆದುಕೊಳ್ಳಬಾರದು, ಅಲ್ವಾ?

ಇದಕ್ಕೆ ಪರಿಹಾರ ಹೋಲಿಕೆಯ ಊರು. ಅದೇ ಬೆಳೆ, ಅದೇ ತರಹದ ಜನ, ಅಷ್ಟೇ ಅಂಗಡಿ ಇರುವ ಇನ್ನೊಂದು ಪಂಚಾಯಿತಿ ಆರಿಸಿ. ತೀರ್ಥಹಳ್ಳಿಯ ತೋಟದ ಊರಿಗೆ ಶಿಕಾರಿಪುರದ ಬಯಲಿನ ಊರನ್ನು ಹೋಲಿಸಬೇಡಿ. ಅಲ್ಲೂ ಅದೇ ಎರಡು ಎಣಿಕೆ ಮಾಡಿ. ಅವರಿಗೆ ಅನ್ಯಾಯ ಆಗದಂತೆ, ಕೊನೆಯ ಎಣಿಕೆ ಮುಗಿದ ಮೇಲೆ ಅದೇ ಕಾರ್ಯಕ್ರಮವನ್ನು ಅವರ ಊರಿಗೂ ಒಯ್ಯುತ್ತೇವೆ ಅಂತ ಮಾತು ಕೊಡಿ, ಒಯ್ಯಿರಿ.

ಬಿಹಾರದಲ್ಲಿ 72 ಶಾಲೆಗಳ ಶಿಕ್ಷಕರ ನಡುವೆ ನಡೆದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾರ್ಯಕ್ರಮ ಮುಗಿದ ಕೂಡಲೇ ಕೇಳಿದಾಗ ಬಳಸುತ್ತಿದ್ದ ಶಿಕ್ಷಕರಲ್ಲಿ ಶೇ 50 ಮಂದಿ ಬಿಟ್ಟಿದ್ದೇವೆ ಅಂದರು. ಏನೂ ಮಾಡದ ಶಾಲೆಗಳಲ್ಲಿಯೂ ಶೇ 15 ಮಂದಿ ಹಾಗೇ ಅಂದರು. ಒಂಬತ್ತು ತಿಂಗಳ ನಂತರದ ಎಣಿಕೆಯಲ್ಲಿ, ಆರು ತಿಂಗಳಿಂದ ಮುಟ್ಟಿಲ್ಲದವರು ಶೇ 19 ಮತ್ತು ಶೇ 7. ಕಾರ್ಯಕ್ರಮ ಗೆದ್ದಿತ್ತು, ನಿಜವಾಗಿಯೂ ಗೆದ್ದಿತ್ತು. ಆದರೆ ಬರೀ ಮೊದಲ ಅಂಕಿ ಹಿಡಿದವರು 50 ಅನ್ನುತ್ತಿದ್ದರು. ಕಾದು, ಹೋಲಿಸಿ ನೋಡಿದವರಿಗೆ ಸಿಕ್ಕ ವ್ಯತ್ಯಾಸ 12 ಅಂಶ.

ಹಂತ 5: ಯಾವ ಕೆಲಸ ಆರಿಸಬೇಕು

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ದೇಶಗಳಿಗೆ ಆರು ಕೆಲಸಗಳ ಪಟ್ಟಿ ಕೊಟ್ಟಿತು: ಬಳಕೆಯನ್ನು ಅಳೆಯುವುದು, ಹೊಗೆಯಿಂದ ಇತರರನ್ನು ಕಾಪಾಡುವುದು, ಬಿಡಲು ನೆರವು, ಎಚ್ಚರಿಕೆ, ಜಾಹೀರಾತು ತಡೆ, ತೆರಿಗೆ ಏರಿಕೆ. ತೆರಿಗೆ, ಪ್ಯಾಕೆಟ್ ಮೇಲಿನ ಚಿತ್ರ ಪಂಚಾಯಿತಿಯ ಕೈಯಲ್ಲಿಲ್ಲ. ಉಳಿದದ್ದರಲ್ಲಿ ಎರಡು ಮೂರು ಆರಿಸಿ. ಎಲ್ಲವನ್ನೂ ಮುಟ್ಟಿದರೆ ಯಾವುದೂ ಆಗುವುದಿಲ್ಲ.

ನಾನು ಮೊದಲು ಆರಿಸುವುದು ಅಂಗಡಿ ಮತ್ತು ಶಾಲೆಯ ಸುತ್ತಲಿನ ಜಾಗ. 2003ರ ಕೇಂದ್ರ ಕಾಯ್ದೆಯ ಪ್ರಕಾರ ಶಾಲೆ ಕಾಲೇಜಿನಿಂದ 100 ಗಜದೊಳಗೆ ತಂಬಾಕು ಮಾರುವ ಹಾಗಿಲ್ಲ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ. ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡದ ಮಿತಿ 1,000 ಆಗಿದೆ. ಹಳೆಯ ಬೋರ್ಡಿನಲ್ಲಿ 18 ಅಂತಲೇ ಇದ್ದರೆ ಬದಲಿಸಿ. ಟೇಪು ಹಿಡಿದು ಶಾಲೆ ಗೇಟಿನಿಂದ ಅಳೆಯಿರಿ, ರಸ್ತೆ ಮೇಲೆ ಹಳದಿ ಗೆರೆ ಎಳೆಯಿರಿ. ಮೊದಲ ತಿಂಗಳು ಅಂಗಡಿಯವರಿಗೆ ತಿಳಿಸಿ ಹೇಳಿ. ಗೂಡಂಗಡಿ ನಡೆಸುವ ಅಕ್ಕನಿಗೆ ಆ ಪ್ಯಾಕೆಟ್ ಸರವೇ ದಿನದ ವ್ಯಾಪಾರ ಆಗಿರಬಹುದು. ಅವರನ್ನು ಸಭೆಗೆ ಕರೆದು, ಸಮಯ ಕೊಟ್ಟು, ಆಮೇಲೆ ಕಾನೂನಿನ ಮಾತು ತೆಗೆಯಿರಿ.

ಮಕ್ಕಳ ಕೈಯಲ್ಲಿ ದುಡ್ಡು ಕೊಟ್ಟು "ಕೊಡುತ್ತಾರಾ ನೋಡು" ಅಂತ ಅಂಗಡಿಗೆ ಕಳಿಸಬೇಡಿ. ದೊಡ್ಡವರು ದೂರ ನಿಂತು ನೋಡಿದರೆ ಸಾಕು.

ಊರಿಡೀ ಮಾರಾಟ ಬಂದ್ ಮಾಡುವ ಠರಾವಿನ ಬಗ್ಗೆ ಒಂದು ಮಾತು. ಭೂತಾನ್ ಇಡೀ ದೇಶದಲ್ಲಿ 2004ರಲ್ಲಿ ಮಾರಾಟ ನಿಲ್ಲಿಸಿತು. ಕಳ್ಳಸಾಗಣೆ ಬೆಳೆಯಿತು. 2021ರಲ್ಲಿ ನಿಷೇಧ ತೆಗೆದರು. ಬಳಸುವವರಿಗೆ ಬಿಡಲು ನೆರವು ಕೊಡದೆ ಅಂಗಡಿ ಮಾತ್ರ ಮುಚ್ಚಿಸಿದರೆ ಜನ ಪಕ್ಕದ ಊರಿನಿಂದ ತರುತ್ತಾರೆ. ಅದೂ ಒಂದರ ಬದಲು ಹತ್ತು ಪ್ಯಾಕೆಟ್ ಒಟ್ಟಿಗೆ.

ಶಾಲೆಯ ಪಾಠವನ್ನೇ ನಂಬಿ ಕೂರುವುದು ಇನ್ನೊಂದು ಸಾಮಾನ್ಯ ತಪ್ಪು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 40 ಶಾಲಾ ಜಿಲ್ಲೆಗಳನ್ನು ಹಿಡಿದು ಸುಮಾರು 15 ವರ್ಷ ಒಂದು ಅಧ್ಯಯನ ನಡೆಯಿತು. ಮೂರನೇ ತರಗತಿಯಿಂದ ಹನ್ನೆರಡರವರೆಗೆ ಪಾಠ ಮಾಡಿದರು. ಪಾಠ ಕೇಳಿದವರಲ್ಲೂ ಕೇಳದವರಲ್ಲೂ ಕೊನೆಗೆ ಸೇದುವವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಾಠ ಬೇಡ ಅಂತ ನಾನು ಹೇಳುತ್ತಿಲ್ಲ. ಮೇಷ್ಟ್ರೇ ಬಾಯಲ್ಲಿ ಕವಳ ಇಟ್ಟುಕೊಂಡು ಪಾಠ ಮಾಡಿದರೆ, ಗೇಟಿನ ಎದುರೇ ಪ್ಯಾಕೆಟ್ ಸರ ತೂಗುತ್ತಿದ್ದರೆ ಪಾಠ ಒಂದೇ ನಿಲ್ಲುವುದಿಲ್ಲ. ಮೊದಲು ಶಿಕ್ಷಕರಿಗೆ ಬಿಡಲು ನೆರವಾಗಿ.

ಹಂತ 6: ಬಿಡಲು ನೆರವು

ಭಾಷಣದಿಂದ ಹಗುರವಾಗಿ ಬಳಸುವವರು ಸ್ವಲ್ಪ ಬಿಡುತ್ತಾರೆ, ಗಟ್ಟಿ ಚಟ ಇರುವವರು ಬಿಡುವುದಿಲ್ಲ. ಅಮೆರಿಕ, ಕೆನಡಾದ 11 ಜೋಡಿ ಊರುಗಳಲ್ಲಿ 1988ರಿಂದ ನಡೆದ ದೊಡ್ಡ ಪ್ರಯೋಗದಲ್ಲಿ ಇದೇ ಕಂಡಿತು. ಕಡಿಮೆ ಸೇದುವವರಲ್ಲಿ ಬಿಟ್ಟವರು ಶೇ 30.6, ಹೋಲಿಕೆಯ ಊರುಗಳಲ್ಲಿ ಶೇ 27.5. ಜಾಸ್ತಿ ಸೇದುವವರಲ್ಲಿ ಏನೂ ವ್ಯತ್ಯಾಸ ಇಲ್ಲ. ಆದ್ದರಿಂದ ಎದ್ದ ಅರ್ಧ ಗಂಟೆಯೊಳಗೆ ಬಾಯಿಗೆ ಬೇಕು ಅಂದವರಿಗೆ ಬೇರೆ ದಾರಿ ಬೇಕು.

ಬಿಡಬೇಕು ಅನ್ನುವವರ ಹೆಸರು ಬರೆದುಕೊಳ್ಳಿ. ಅವರೇ ಒಂದು ದಿನ ಆರಿಸಲಿ. ಮೊದಲ ಮೂರು ನಾಲ್ಕು ದಿನ ಅತಿ ಕಷ್ಟ: ಸಿಟ್ಟು, ತಲೆನೋವು, ನಿದ್ದೆ ಇಲ್ಲ. ಎರಡರಿಂದ ನಾಲ್ಕು ವಾರಕ್ಕೆ ತಗ್ಗುತ್ತದೆ. ಇದನ್ನು ಮೊದಲೇ ಹೇಳಿ, ಮನೆಯವರಿಗೂ ಹೇಳಿ. ಆ ದಿನದ ಮರುದಿನ, ಮೂರನೇ ದಿನ, ಏಳನೇ ದಿನ, ಆಮೇಲೆ ತಿಂಗಳಿಗೊಮ್ಮೆ ಯಾರಾದರೂ ಮಾತಾಡಿಸಲೇಬೇಕು. 1800-11-2356 ಉಚಿತ ಸಹಾಯವಾಣಿ ತಂಬಾಕಿನ ಪ್ಯಾಕೆಟ್ ಮೇಲೂ ಅಚ್ಚಾಗಿದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಂಬರ್ ಕೊಟ್ಟು ಕಳಿಸಬೇಡಿ. ಪಕ್ಕದಲ್ಲೇ ಕೂತು ಮೊದಲ ಕರೆ ಮಾಡಿಸಿ. ನಿಕೋಟಿನ್ ಚೂಯಿಂಗ್ ಗಮ್ ಬೇಕಾದರೆ ಡಾಕ್ಟರ ಹತ್ತಿರ ಕೇಳಿ ಕೊಡಿಸಿ. ಅದನ್ನು ಕವಳದ ಹಾಗೆ ಒಂದೇ ಸಮ ಜಗಿಯಬಾರದು. ನಾಲ್ಕಾರು ಸಲ ಜಗಿದು ಕೆನ್ನೆ ಪಕ್ಕ ಇಡಬೇಕು, ಚುರುಗುಡುವುದು ನಿಂತ ಮೇಲೆ ಮತ್ತೆ ಜಗಿಯಬೇಕು. ಜಗಿಯುವ ಅಭ್ಯಾಸ ಇರುವ ನಮ್ಮವರು ಇದರಲ್ಲೇ ತಪ್ಪುತ್ತಾರೆ, ಹೊಟ್ಟೆ ತೊಳಸಿತು ಅಂತ ಬಿಸಾಡುತ್ತಾರೆ.

ಕೈ ಬಾಯಿಗೆ ಹೋಗುವ ಅಭ್ಯಾಸಕ್ಕೆ ಲವಂಗ, ಏಲಕ್ಕಿ, ಒಣಗಿಸಿದ ನೆಲ್ಲಿಕಾಯಿ ಜೇಬಿನಲ್ಲಿ ಇರಲಿ. ಪಾನ್ ಮಸಾಲಾ ಬದಲಿ ಅಲ್ಲ.

ಇವು ಕಂಡರೆ ಕಾರ್ಯಕ್ರಮ ಬದಿಗಿಟ್ಟು ಮೊದಲು ದಂತವೈದ್ಯರ ಹತ್ತಿರ ಕಳಿಸಿ: ಎರಡು ವಾರ ಕಳೆದರೂ ಮಾಯದ ಹುಣ್ಣು, ಕೆನ್ನೆ ಒಳಗೆ ಬಿಳಿ ಅಥವಾ ಕೆಂಪು ಕಲೆ, ಖಾರ ತಾಗಿದರೆ ಉರಿ, ತಮ್ಮ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಬಾಯೊಳಗೆ ಹಾಕಲು ಆಗದಿರುವುದು, ಕುತ್ತಿಗೆಯಲ್ಲಿ ಗಂಟು. ಚೀಟಿ ಬರೆದುಕೊಟ್ಟರೆ ಸಾಲದು. ಶಿವಮೊಗ್ಗಕ್ಕೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಜೊತೆಗೆ ಯಾರು ಹೋಗುತ್ತಾರೆ, ಬಸ್ ಖರ್ಚು ಯಾರದ್ದು ಅಂತ ಅವತ್ತೇ ನಿರ್ಧರಿಸಿ.

ದಂಡ ಹಾಕುವವರೂ ಬಿಡಿಸಲು ಬರುವವರೂ ಒಬ್ಬರೇ ಆಗಬಾರದು. ಆಶಾ ಕಾರ್ಯಕರ್ತೆಯ ಕೈಗೆ ರಸೀದಿ ಪುಸ್ತಕ ಕೊಟ್ಟರೆ ಮುಂದಿನ ಸಲ ಆಕೆಗೆ ಬಾಗಿಲು ತೆರೆಯುವುದಿಲ್ಲ.

ಹಂತ 7: ತಿಂಗಳ ಲೆಕ್ಕ

ಪ್ರತಿ ತಿಂಗಳು ಒಂದೇ ಪುಟ. ಎಷ್ಟು ಅಂಗಡಿ ನೋಡಿದೆವು, ಎಷ್ಟರಲ್ಲಿ ಬೋರ್ಡ್ ಇದೆ, ಗೆರೆಯೊಳಗೆ ಇನ್ನೂ ಎಷ್ಟು ಮಾರುತ್ತಿವೆ, ಎಷ್ಟು ಜನ ಹೆಸರು ಕೊಟ್ಟರು, ಎಷ್ಟು ಜನರನ್ನು ಹೇಳಿದ ದಿನವೇ ಮಾತಾಡಿಸಿದೆವು. ಇದು ಫಲಿತಾಂಶ ಅಲ್ಲ, ಕೆಲಸ ನಡೆದಿದೆಯೇ ಅನ್ನುವ ಲೆಕ್ಕ. ಕೊನೆಗೆ ಬಳಕೆ ಇಳಿಯದಿದ್ದರೆ ಯೋಚನೆ ತಪ್ಪೋ, ಕೆಲಸವೇ ಆಗಲಿಲ್ಲವೋ ಅಂತ ತಿಳಿಯುವುದು ಈ ಪುಟದಿಂದ.

ದಾರಿ ತಪ್ಪುತ್ತಿದೆ ಅನ್ನುವ ಗುರುತುಗಳೂ ಇಲ್ಲೇ ಸಿಗುತ್ತವೆ. ಹೆಸರು ಕೊಟ್ಟವರೆಲ್ಲ ಹೆಂಗಸರು ಅಥವಾ ಎಲ್ಲರೂ ಒಂದೇ ಕೇರಿಯವರು. ಎಲ್ಲ ಅಂಗಡಿಗಳೂ ಒಂದೇ ವಾರದಲ್ಲಿ "ಮಾರುತ್ತಿಲ್ಲ". ಯಾರೂ ಸೋತಿಲ್ಲ, ಎಲ್ಲರೂ ಬಿಟ್ಟಿದ್ದಾರೆ. ಬಿಟ್ಟವರಲ್ಲಿ ಬಹಳ ಜನ ಮರಳಿ ಶುರು ಮಾಡುವುದು ಸಹಜ. ಯಾರೂ ಮರಳಿಲ್ಲ ಅಂತ ಬಂದರೆ ಜನ ನಿಮಗೆ ಬೇಕಾದ ಉತ್ತರ ಕೊಡುತ್ತಿದ್ದಾರೆ.

ಜಾತ್ರೆಗೋ ಕ್ರೀಡಾಕೂಟಕ್ಕೋ ಬ್ಯಾನರ್ ಹಾಕಿಸಿಕೊಡುತ್ತೇವೆ ಅಂತ ಪಾನ್ ಮಸಾಲಾ ಅಥವಾ ತಂಬಾಕು ವ್ಯಾಪಾರದವರು ಬಂದರೆ ಅದೂ ಎಚ್ಚರಿಕೆಯ ಗಂಟೆ. 2005ರಲ್ಲಿ ಜಾರಿಗೆ ಬಂದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಭಾರತವೂ ಇದೆ. ತಂಬಾಕು ಉದ್ಯಮದ ಹಿತಾಸಕ್ತಿಯಿಂದ ಆರೋಗ್ಯ ನೀತಿಯನ್ನು ಕಾಪಾಡಬೇಕು ಅಂತ ಅದರ ಕಲಂ 5.3 ಹೇಳುತ್ತದೆ. ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಹಂತ 8: ಕೊನೆಯ ಎಣಿಕೆ

ಅದೇ ತಿಂಗಳು, ಅದೇ ಪ್ರಶ್ನೆ, ಅದೇ ರೀತಿ ಆರಿಸಿದ ಮನೆಗಳು, ಎರಡೂ ಪಂಚಾಯಿತಿ. ಪ್ರಶ್ನೆಯ ಒಂದು ಪದವನ್ನೂ "ಸುಧಾರಿಸ"ಬೇಡಿ. ಕಾರ್ಯಕ್ರಮ ನಡೆಸಿದವರು ಎಣಿಸುವುದು ಬೇಡ. ಕಾಲೇಜಿನ ಹುಡುಗ ಹುಡುಗಿಯರಿಗೆ ಕಲಿಸಿ ಕಳಿಸಿ, ಯಾವ ಊರಲ್ಲಿ ಕಾರ್ಯಕ್ರಮ ಆಗಿದೆ ಅಂತ ಅವರಿಗೆ ಹೇಳಬೇಡಿ.

ಬಿಟ್ಟವರ ಲೆಕ್ಕಕ್ಕೆ ಒಂದು ಗಟ್ಟಿ ನಿಯಮ. 60 ಮಂದಿ ಹೆಸರು ಕೊಟ್ಟರು. ಆರು ತಿಂಗಳ ನಂತರ 40 ಮಂದಿ ಸಿಕ್ಕರು. ಅದರಲ್ಲಿ 12 ಮಂದಿ ಬಿಟ್ಟೇ ಇದ್ದಾರೆ. ಎಷ್ಟು ಶೇಕಡಾ? 40ಕ್ಕೆ 12 ಅಂತ ಹಿಡಿದು 30 ಅನ್ನುವವರೇ ಜಾಸ್ತಿ. ಸರಿಯಾದ ಉತ್ತರ 60ಕ್ಕೆ 12, ಅಂದರೆ ಶೇ 20. ಸಿಗದ 20 ಮಂದಿ ಬಳಸುತ್ತಿದ್ದಾರೆ ಅಂತಲೇ ಎಣಿಸಬೇಕು. ಬಿಟ್ಟವರು ಸಿಗುತ್ತಾರೆ, ಬಿಡದವರು ತಪ್ಪಿಸಿಕೊಳ್ಳುತ್ತಾರೆ.

ಊದಿಸಿ ನೋಡುವ ಕಾರ್ಬನ್ ಮಾನಾಕ್ಸೈಡ್ ಯಂತ್ರ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಯೋಚಿಸಿ. ಅದು ಹೊಗೆ ಹಿಡಿಯುತ್ತದೆ. ಕವಳ, ಕಡ್ಡಿಪುಡಿ ಅದಕ್ಕೆ ಕಾಣುವುದೇ ಇಲ್ಲ. ಜಗಿಯುವವರಿಗೆ ಎಂಜಲಿನಲ್ಲೋ ಮೂತ್ರದಲ್ಲೋ ಕೊಟಿನಿನ್ (ದೇಹದೊಳಗೆ ನಿಕೋಟಿನ್‌ನಿಂದ ಆಗುವ ವಸ್ತು) ಪರೀಕ್ಷೆ ಬೇಕು. ಅದೂ ಕಳೆದ ಕೆಲವು ದಿನಗಳ ಬಳಕೆಯನ್ನಷ್ಟೇ ಹೇಳುತ್ತದೆ, ನಿಕೋಟಿನ್ ಗಮ್ ಜಗಿಯುವವರಲ್ಲೂ ಕಾಣುತ್ತದೆ. ಊರಿನ ಮಟ್ಟದ ಕೆಲಸಕ್ಕೆ ಒಳ್ಳೆಯ ಪ್ರಶ್ನೆ, ಮುಜುಗರವಿಲ್ಲದ ಜಾಗ ಸಾಕು.

ಲೆಕ್ಕ ಹಾಕುವುದು ಸುಲಭ. ನಿಮ್ಮಲ್ಲಿ 22ರಿಂದ 16ಕ್ಕೆ ಇಳಿಯಿತು, ಆರು ಅಂಶ. ಹೋಲಿಕೆಯ ಪಂಚಾಯಿತಿಯಲ್ಲಿ 21ರಿಂದ 19ಕ್ಕೆ ಇಳಿಯಿತು, ಎರಡು ಅಂಶ. ನಿಮ್ಮ ಕಾರ್ಯಕ್ರಮದ ಪಾಲು ನಾಲ್ಕು ಅಂಶ, ಆರಲ್ಲ. ಗಂಡಸರು, ಹೆಂಗಸರು, ಯುವಕರು, ಕೂಲಿಯವರು ಅಂತ ಬೇರೆ ಬೇರೆ ಮಾಡಿ ನೋಡಿ, ಆದರೆ ಚೆನ್ನಾಗಿ ಬಂದ ಒಂದು ಗುಂಪನ್ನು ಮಾತ್ರ ವರದಿಯಲ್ಲಿ ಹಾಕಬೇಡಿ.

ಹಂತ 9: ಊರಿಗೆ ಹೇಳುವುದು

ವರದಿ ಎರಡು ಪುಟ ಮೀರದಿರಲಿ. ಮೊದಲ ಸಾಲಿನಲ್ಲಿ ನಡಾವಳಿಯಲ್ಲಿ ಬರೆಸಿದ ಗುರಿ, ಎರಡನೇ ಸಾಲಿನಲ್ಲಿ ಬಂದ ಅಂಕಿ. ಎಷ್ಟು ಮನೆಯವರು ಸಿಗಲಿಲ್ಲ, ಏನು ಆಗಲಿಲ್ಲ ಅನ್ನುವುದೂ ಇರಲಿ. ಇಳಿಯದೇ ಇದ್ದರೆ ಇಳಿಯಲಿಲ್ಲ ಅಂತಲೇ ಬರೆಯಿರಿ. ಪಕ್ಕದ ಪಂಚಾಯಿತಿಯವರು ಅದೇ ತಪ್ಪಿಗೆ ಇನ್ನೊಂದು ವರ್ಷ ಕೊಡುವುದು ತಪ್ಪುತ್ತದೆ.

ಮೇಲಿನವರಿಗೆ ಕಳಿಸುವ ಮೊದಲು ಗ್ರಾಮಸಭೆಯಲ್ಲಿ ಓದಿ. ಉತ್ತರ ಕೊಟ್ಟವರು ಅವರು, ಅಂಕಿ ಅವರದ್ದು. ಯಾರ ಹೆಸರೂ ಬರಬಾರದು. ಬಿಟ್ಟವರು ತಾವಾಗಿ ಎದ್ದು ಮಾತಾಡಿದರೆ ಸರಿ, ವೇದಿಕೆಗೆ ಕರೆದು ಶಾಲು ಹೊದಿಸಬೇಡಿ. ನಾಳೆ ಮತ್ತೆ ಶುರು ಮಾಡಿದರೆ ಅವರು ನಿಮ್ಮ ಕಣ್ಣು ತಪ್ಪಿಸುತ್ತಾರೆ, ನೆರವು ಕೇಳಲು ಬರುವುದಿಲ್ಲ. ಮುಂದಿನ ಎಣಿಕೆಯ ತಿಂಗಳು, ಮಾಡುವವರ ಹೆಸರು ಅದೇ ಸಭೆಯ ನಡಾವಳಿಯಲ್ಲಿ ಬರೆಸಿ, ಹೋಲಿಕೆಯ ಪಂಚಾಯಿತಿಯ ಮೊದಲ ಸಭೆಗೆ ದಿನ ಗೊತ್ತು ಮಾಡಿಕೊಂಡು ಏಳಿ.